ಒಂದು ಒತ್ತಿಗೆ ಎರಡು ‘ಧುಂ’

ಮಕ್ಕಳೇ, ಈ ತಿಂಗಳು ಅಡುಗೆಮನೆಯ ಮಾತೂ ಅಲ್ಲ, ಹಬ್ಬದ ಮಾತೂ ಅಲ್ಲ, ಡ್ರಮ್ಮಿನ ಮಾತು. “ಈ ಆಂಟಿಗೂ ಡ್ರಮ್ಮಿಗೂ ಏನು ಸಂಬಂಧ?” ಎಂದು ನಗಬೇಡಿ. ಕೇಳಿ.

ರಾಜ್ಯೋತ್ಸವದ ಹಾಡುಗಳಿಗೆ ನನ್ನ ತಂಗಿಯ ಮಗ ಡ್ರಮ್ ಬಾರಿಸುವುದೆಂದು ನಿಶ್ಚಯವಾಗಿತ್ತು. ಫ್ಲ್ಯಾಟಿನಲ್ಲಿ ದೊಡ್ಡ ಡ್ರಮ್ ಇಟ್ಟರೆ ಕೆಳಗಿನ ಮನೆಯವರು ಸುಮ್ಮನಿರುತ್ತಾರೆಯೇ? ಹಾಗಾಗಿ ಹೆಡ್‌ಫೋನಿನಲ್ಲಿ ಕೇಳುವ ಎಲೆಕ್ಟ್ರಾನಿಕ್ ಸೆಟ್ಟು, ಅದೂ ಸೆಕೆಂಡ್ ಹ್ಯಾಂಡ್. ತಾಲೀಮಿನಲ್ಲಿ ನೋಡಿದರೆ ಅದರ ಬಾಸ್ ಡ್ರಮ್ ಒಂದು ಸಲ ಒತ್ತಿದರೆ ಎರಡು ಸಲ ‘ಧುಂ-ಧುಂ’ ಎನ್ನುತ್ತಿತ್ತು. ಹಾಡುವವರಿಗೆ ಸಿಟ್ಟು. “ಇವನ ಕಾಲು ಒಂದು ಕಡೆ ನಿಲ್ಲೋದಿಲ್ಲ” ಎಂದುಬಿಟ್ಟರು. ಹುಡುಗ ಹೆದರಿ ಮೆಲ್ಲಗೆ ಒತ್ತತೊಡಗಿದ. ಆಗ ಒಮ್ಮೊಮ್ಮೆ ಸದ್ದೇ ಬರಲಿಲ್ಲ. ಕೊನೆಗೆ, “ದೊಡ್ಡಮ್ಮ, ನನಗೆ ತಾಳಜ್ಞಾನವೇ ಇಲ್ಲ. ಬೇರೆ ಯಾರನ್ನಾದ್ರೂ ಕೂರಿಸಿ” ಎಂದ.

ಎರಡು ವರ್ಷ ಕಲಿತ ಹುಡುಗನಿಗೆ ಒಂದೇ ವಾರದಲ್ಲಿ ತಾಳ ಕೈಕೊಡುತ್ತದೆಯೇ? ನನಗೆ ನಂಬಿಕೆ ಬರಲಿಲ್ಲ. ಸೆಟ್ಟಿನ ಜೊತೆ ಬಂದ ಪುಸ್ತಕ ತೆಗೆದು ಕೂತೆ. ಇಂಗ್ಲಿಷ್ ಬಿ.ಎ. ಓದಿದ್ದು ಕೊನೆಗೂ ಕೆಲಸಕ್ಕೆ ಬಂತು!

ವಿಷಯ ಇಷ್ಟೇ. ಪ್ಯಾಡಿನ ಒಳಗೆ ಪೀಜೋ ಎಂಬ ತೆಳು ಬಿಲ್ಲೆ ಇರುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದರಲ್ಲ, ಅದೇ ತತ್ತ್ವ. ಪೆಡಲ್ ಒತ್ತಿದಾಗ ಬೀಟರ್ ಬಡಿದು ಬಿಲ್ಲೆ ಅದುರುತ್ತದೆ, ಸಣ್ಣ ವಿದ್ಯುತ್ ಅಲೆ ಮಾಡ್ಯೂಲಿಗೆ ಹೋಗುತ್ತದೆ. ಅಲೆ ಒಂದು ಗೆರೆ ದಾಟಿದರೆ ಅದನ್ನು ಒಂದು ಪೆಟ್ಟು ಎಂದು ಎಣಿಸಿ ಮಾಡ್ಯೂಲ್ ಸದ್ದು ಹೊರಡಿಸುತ್ತದೆ. ಆ ಗೆರೆಗೆ ಥ್ರೆಶೋಲ್ಡ್ ಎನ್ನುತ್ತಾರೆ, ಅಂದರೆ ಹೊಸ್ತಿಲು. ಅದುರಾಟ ತಣಿಯುವ ಮುನ್ನ ಬೀಟರ್ ಇನ್ನೊಮ್ಮೆ ತಾಗಿದರೆ ಅಲೆ ಮತ್ತೆ ಹೊಸ್ತಿಲು ದಾಟುತ್ತದೆ. ಮಾಡ್ಯೂಲಿಗೆ ಅದು ಎರಡನೆಯ ಪೆಟ್ಟು.

ಇನ್ನು ಪರೀಕ್ಷೆ. ಮೊದಲು ಪೆಡಲ್ ಬಿಚ್ಚಿ ಪ್ಯಾಡನ್ನು ಕೈಯಿಂದ ಬಡಿದೆವು. ಒಂದೇ ‘ಧುಂ’. ಪೆಡಲ್ ಹಾಕಿ, ಒತ್ತಿದ ಕೂಡಲೇ ಪಾದ ಸಡಿಲಿಸಲು ಹೇಳಿದೆ. ಆಗಲೂ ಒಂದೇ. ಒತ್ತಿ ಹಾಗೇ ಹಿಡಿದಾಗ ಮಾತ್ರ ಎರಡು! ಬಲೆಯಂಥ ಮೆಶ್ ಹೊದಿಕೆ ಸಡಿಲವಾಗಿತ್ತು. ಒತ್ತಿ ಹಿಡಿದ ಬೀಟರ್ ಅದರ ಮೇಲೆ ಪಟಪಟನೆ ಕುಣಿಯುತ್ತಿತ್ತು. ಹುಡುಗನ ಮುಖ ಆಗಲೇ ಅರ್ಧ ಅರಳಿತು.

ಮದ್ದು ಕ್ರಮವಾಗಿ ಮಾಡಬೇಕು. ಪೆಡಲಿನ ಹಿಡಿಕೆ ಬಿಗಿ ಇದೆಯೇ, ಪ್ಯಾಡ್ ನೆಲದ ಮೇಲೆ ಜಾರುತ್ತಿದೆಯೇ ನೋಡಿ. ಆಮೇಲೆ ಹೊದಿಕೆಯ ತಿರುಪುಗಳನ್ನು ಎದುರುಬದುರಾಗಿ, ಎಲ್ಲವನ್ನೂ ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಕಛೇರಿಗೆ ಮುಂಚೆ ಮೃದಂಗದವರು ಸುತ್ತಲೂ ತಟ್ಟಿ ಶ್ರುತಿ ಸೇರಿಸುವುದನ್ನು ನೋಡಿದ್ದೀರಲ್ಲ, ಅದೇ ತಾಳ್ಮೆ ಬೇಕು. ಇದಾದ ಮೇಲೆಯೇ ಮಾಡ್ಯೂಲಿನ ಗುಂಡಿಗಳಿಗೆ ಕೈ ಹಾಕಿ. ಅಲ್ಲಿ ಸರಿಯಾದ ಪ್ಯಾಡಿನ ಹೆಸರು ಆರಿಸಿದೆಯೇ ಖಚಿತಮಾಡಿಕೊಳ್ಳಿ. ಹಳೆಯ ಅಂಕಿಗಳನ್ನು ಬರೆದಿಟ್ಟುಕೊಂಡು ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ನಾವು ಇಲ್ಲಿ ಎಡವಿದೆವು. ಅವಸರಕ್ಕೆ ಮೊದಲೇ ಹೊಸ್ತಿಲನ್ನು ಎತ್ತರಿಸಿಬಿಟ್ಟಿದ್ದೆವು. ಕಳ್ಳ ‘ಧುಂ’ ಹೋಯಿತು, ನಿಜ. ಅದರ ಜೊತೆಗೆ ಹಾಡಿನಲ್ಲಿ ಅವನು ಬೇಕೆಂದೇ ಮೆಲ್ಲಗೆ ಹಾಕುತ್ತಿದ್ದ ಪೆಟ್ಟೂ ಮಾಯವಾಯಿತು. “ದೊಡ್ಡಮ್ಮ, ಅದು ತಪ್ಪಲ್ಲ, ಅದು ನಂದು!” ಎಂದ. ವಾರದಲ್ಲಿ ಮೊದಲ ಸಲ ಅವನ ದನಿಯಲ್ಲಿ ಗಟ್ಟಿತನ ಕೇಳಿದೆ. ಹೊಸ್ತಿಲನ್ನು ಮೊದಲಿದ್ದಲ್ಲಿಗೆ ಇಳಿಸಿ, ಹೊದಿಕೆ ಬಿಗಿಮಾಡಿದೆವು.

ಉಳಿದ ಚೂರುಪಾರಿಗೆ ಮಾಸ್ಕ್ ಟೈಮ್ ಇದೆ. ಮಾಸ್ಕ್ ಅಂದರೆ ಮುಖವಾಡ. ಒಂದು ಪೆಟ್ಟು ಬಿದ್ದ ಮೇಲೆ ಕೆಲವು ಮಿಲಿಸೆಕೆಂಡು ಮಾಡ್ಯೂಲ್ ಕಣ್ಣುಮುಚ್ಚಿ ಕೂರುತ್ತದೆ. ಲೆಕ್ಕ ಹಾಕಿ: ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಒಂದು ಬೀಟಿಗೆ 500 ಮಿಲಿಸೆಕೆಂಡು, ಅದರ ಕಾಲು ಭಾಗಕ್ಕೆ 125. ಹೀಗಿರುವಾಗ 20-30 ಮಿಲಿಸೆಕೆಂಡು ಕಣ್ಣು ಮುಚ್ಚಿದರೆ ನಿಜವಾದ ಪೆಟ್ಟು ತಪ್ಪುವುದಿಲ್ಲ. ಹಾಗೆಂದು ಅಗತ್ಯಕ್ಕಿಂತ ಏರಿಸಬೇಡಿ. ಇನ್ನು ಬೇರೆ ಪ್ಯಾಡ್ ಬಾರಿಸಿದಾಗ ಬಾಸ್ ಡ್ರಮ್ ಸದ್ದು ಮಾಡಿದರೆ ಅದು ಬೇರೆಯೇ ರೋಗ, ಕ್ರಾಸ್‌ಟಾಕ್. ಅದಕ್ಕೆ ಈ ಮದ್ದು ನಾಟುವುದಿಲ್ಲ.

ಒತ್ತಿ ಹಿಡಿಯುವ ಅಭ್ಯಾಸ ಮಾತ್ರ ಅವನದೇ. ಅದನ್ನೂ ಒಪ್ಪಿಕೊಂಡು ಪಾದ ಸಡಿಲಿಸಲು ಕಲಿಯುತ್ತಿದ್ದಾನೆ. ಮುಂದಿನ ತಾಲೀಮಿನಲ್ಲಿ ಒಂದು ಒತ್ತಿಗೆ ಒಂದೇ ‘ಧುಂ’. ಹಾಡುವವರು ಏನೂ ಹೇಳಲಿಲ್ಲ. ತಾಳ ಸರಿಯಿದ್ದಾಗ ಯಾರೂ ಏನೂ ಹೇಳುವುದಿಲ್ಲ ತಾನೇ!

ಮಕ್ಕಳೇ, “ನನ್ನಿಂದ ಆಗೋದಿಲ್ಲ” ಎನ್ನುವ ಮೊದಲು ಪೆಡಲ್ ಬಿಚ್ಚಿ ಒಮ್ಮೆ ಕೈಯಿಂದ ಬಡಿದು ನೋಡಿ. ತಪ್ಪು ನಿಮ್ಮದೆಷ್ಟು, ಯಂತ್ರದ್ದೆಷ್ಟು ಎಂದು ತಿಳಿದರೆ ಸಾಕು, ಎರಡನ್ನೂ ತಿದ್ದಬಹುದು. ನವೆಂಬರಿನಲ್ಲಿ ಬನ್ನಿ, ಕಿವಿಯಾರೆ ಕೇಳಿ.