ಶಸ್ತ್ರಕ್ರಿಯೆಗೆ ಮುನ್ನ ದೊರೆಯುವ ಅವಧಿ

ಪೈಠಣಿ ಸೀರೆಗೆ ಹೆಸರಾದ ಯೇವಲಾ ನಾಶಿಕ್ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ತಾತ್ಯಾ ಟೋಪೆ ಹುಟ್ಟಿದ ಊರು. 1935ರ ಅಕ್ಟೋಬರಿನಲ್ಲಿ ಡಾ. ಅಂಬೇಡ್ಕರರು ಮತಾಂತರದ ನಿರ್ಧಾರವನ್ನು ಸಾರಿದ ಊರು. ವರ್ಗಾವಣೆಯ ನಿಮಿತ್ತ ಇಂಥ ಊರುಗಳಲ್ಲಿ ನೆಲಸುವ ಕನ್ನಡ ಕುಟುಂಬಗಳಿಗೆ ಆರೋಗ್ಯ ನೆಟ್ಟಗಿರುವವರೆಗೆ ಯಾವ ಕೊರತೆಯೂ ತೋರದು. ಆದರೆ ಗೃಹಿಣಿಯ ತಲೆನೋವಿಗೆ ಕಾರಣ ಹುಡುಕುತ್ತ ಹೋಗಿ, ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನ ಗೆಡ್ಡೆ ಕಂಡಿತೆಂದರೆ ಮನೆಯೇ ಕಂಪಿಸುತ್ತದೆ. ಚಿಕಿತ್ಸೆ ನಾಶಿಕದಲ್ಲೋ, ಛತ್ರಪತಿ ಸಂಭಾಜಿನಗರದಲ್ಲೋ, ಮುಂಬಯಿಯಲ್ಲೋ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಎಂಬ ಚರ್ಚೆ ಆರಂಭವಾಗುತ್ತದೆ. ಈ ಚರ್ಚೆಯಲ್ಲಿ ಒಬ್ಬರ ದನಿ ಮಾತ್ರ ಕೇಳಿಬರುವುದಿಲ್ಲ: ರೋಗಿಯದು. "ಆಕೆಗೆ ತಿಳಿಸಬೇಡಿ, ಎದೆಗುಂದಿಯಾಳು" ಎಂಬುದೇ ಹಿರಿಯರ ಮೊದಲ ಆಜ್ಞೆ.

ಈ ಆಜ್ಞೆ ಪ್ರೀತಿಯಿಂದ ಹುಟ್ಟಿದ್ದರೂ ತಪ್ಪೆಂದೇ ಹೇಳಬೇಕು. ಮಿದುಳಿನ ಗೆಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಬಹುಪಾಲು ಸೌಮ್ಯವಾದುದು, ನಿಧಾನವಾಗಿ ಬೆಳೆಯುವಂಥದು; ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. 1922ರಲ್ಲಿ ಅದಕ್ಕೆ ಈ ಹೆಸರಿತ್ತವನು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್. ಭಾರತದಲ್ಲಿ 1949ರಲ್ಲಿ ಡಾ. ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ನರಶಸ್ತ್ರಚಿಕಿತ್ಸೆಗೆ ಅಡಿಗಲ್ಲಿಟ್ಟ ಮೇಲೆ ಈ ವಿದ್ಯೆ ಬಹಳ ಮುಂದುವರಿದಿದೆ. ಆದರೂ "ಸೌಮ್ಯ" ಎಂಬ ಮಾತು ಉದಾಸೀನಕ್ಕೆ ಪರವಾನಗಿಯಲ್ಲ. ತಲೆಬುರುಡೆಯೊಳಗೆ ತೆರಪಿಲ್ಲ, ಸೌಮ್ಯ ಗೆಡ್ಡೆಯೂ ಒತ್ತಿ ದೃಷ್ಟಿಯನ್ನೋ ಕೈಕಾಲುಗಳ ಬಲವನ್ನೋ ಕಸಿಯಬಲ್ಲದು. ಸೌಮ್ಯವೆಂಬುದು ಖಚಿತವಾಗುವುದೂ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಅನಂತರವೇ.

ಅನೇಕ ವೇಳೆ ಶಸ್ತ್ರಕ್ರಿಯೆಗೆ ಮುನ್ನ ಕೆಲವು ವಾರಗಳ ಅವಧಿ ದೊರೆಯುತ್ತದೆ. ಅದನ್ನು ಗುಟ್ಟು ಕಾಯುವುದರಲ್ಲಿ ಕಳೆದರೆ ನಷ್ಟವೇ ಸರಿ. ರೋಗಿ ತಾನೇ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳಿವೆ: ಗೆಡ್ಡೆಯನ್ನು ಪೂರ್ತಿ ತೆಗೆಯಬಹುದೇ? ಮಾತು, ದೃಷ್ಟಿ, ನಡಿಗೆಗೆ ಅಪಾಯವೆಷ್ಟು? ಈಗಲೇ ಬೇಡ, ಕಾದು ನೋಡೋಣ ಎನ್ನಬಹುದೇ? ಚಿತ್ರಗಳನ್ನೊಯ್ದು ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಅವಿಶ್ವಾಸವಲ್ಲ. ಮಧುಮೇಹ, ರಕ್ತದೊತ್ತಡಗಳನ್ನು ಹತೋಟಿಗೆ ತರಬೇಕು; ತಂಬಾಕು ಬಿಡಬೇಕು. ಆಸ್ಪಿರಿನ್ ಮೊದಲಾದ ರಕ್ತ ತೆಳುಮಾಡುವ ಮಾತ್ರೆಗಳನ್ನೂ ನಾಟಿ ಔಷಧಗಳನ್ನೂ ವೈದ್ಯರಿಗೆ ಮರೆಯದೆ ತಿಳಿಸಬೇಕು. ಅಪಸ್ಮಾರದ ಮಾತ್ರೆ, ಸ್ಟೀರಾಯ್ಡ್‌ಗಳನ್ನು ತಾವಾಗಿ ನಿಲ್ಲಿಸಲಾಗದು. ಈ ನಡುವೆ ಸೆಳವು, ಎಡೆಬಿಡದ ವಾಂತಿ, ಮಂಪರು ಅಥವಾ ದೃಷ್ಟಿ ಮಂದವಾಗುವುದು ಕಂಡರೆ ಗೊತ್ತುಪಡಿಸಿದ ದಿನಕ್ಕಾಗಿ ಕಾಯಬಾರದು.

ಲೆಕ್ಕಪತ್ರವೂ ಚಿಕಿತ್ಸೆಯ ಅಂಗವೇ. ವಿಮೆಯ ಪೂರ್ವಾನುಮತಿ, ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಸೌಲಭ್ಯ, ಜಂಟಿ ಖಾತೆ, ನಾಮನಿರ್ದೇಶನ, ರಜೆ ಇವೆಲ್ಲವನ್ನೂ ಮೊದಲೇ ಸರಿಪಡಿಸಿಕೊಳ್ಳುವುದು ಅಪಶಕುನವಲ್ಲ. ಮನಸ್ಸಿನ ಭಾರವನ್ನು ಇಳಿಸುವ ಉಪಾಯ.

ಓದದೆ ಸಹಿ ಮಾಡಿದ ಸಾಲಪತ್ರ ಮುಂದೆ ಮನಸ್ತಾಪಕ್ಕೆಡೆ ಕೊಡುತ್ತದೆಂಬುದನ್ನು ವ್ಯವಹಾರ ಬಲ್ಲವರೆಲ್ಲ ಅರಿತಿದ್ದಾರೆ. ಶಸ್ತ್ರಕ್ರಿಯೆಯ ಒಪ್ಪಿಗೆಪತ್ರಕ್ಕೂ ಇದೇ ನ್ಯಾಯ. ಅಲ್ಲಿ ಪಣಕ್ಕಿರುವುದು ಹಣವಲ್ಲ, ದೇಹ. ಸಹಿ ಹಾಕಬೇಕಾದವಳು ಆಕೆಯೇ. ಆದುದರಿಂದ ಮೊದಲು ತಿಳಿಯಬೇಕಾದವಳೂ ಆಕೆಯೇ. ಮಹಾನಗರದಲ್ಲಿರುವ ಕನ್ನಡಿಗರು, ದೂರದ ಯೇವಲೆಯಿಂದ ಬಂದಿಳಿಯುವ ಅಂಥ ಕುಟುಂಬಕ್ಕೆ ಒಂದು ಕೋಣೆ, ಒಂದು ಬಾಟಲಿ ರಕ್ತ, ವೈದ್ಯರ ಮಾತನ್ನು ತಾಯ್ನುಡಿಯಲ್ಲಿ ಬಿಡಿಸಿ ಹೇಳುವ ಒಬ್ಬ ಜೊತೆಗಾರ ಇಷ್ಟನ್ನು ಒದಗಿಸಿದರೆ, ಸಂಘ ಕಟ್ಟಿದ್ದು ಸಾರ್ಥಕ.