ಕಡೆಯ ಸಲದ ಆಸೆ

ಮದುವೆ ಗೊತ್ತಾದ ಮಗಳು ತವರಿನಲ್ಲಿ ಕಳೆಯುವ ಕಡೆಯ ದೀಪಾವಳಿಯನ್ನು ಕಂಡ ಮನೆಯವರಿಗೆ ಒಂದು ಸಂಗತಿ ಗೊತ್ತು. ಅಂದಿನ ಎಣ್ಣೆನೀರು ಎಂದಿನದೇ, ಹೋಳಿಗೆಯೂ ಎಂದಿನದೇ. ತಾಯಿಯ ಕಣ್ಣು ಮಾತ್ರ ಪ್ರತಿಯೊಂದನ್ನೂ ಎಣಿಸುತ್ತಿರುತ್ತದೆ. ಇದು ಕಡೆಯದು, ಇದೂ ಕಡೆಯದು ಎಂದು. 2013ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜಪಾನ್ ದೇಶದ ಅಸಂಖ್ಯ ಮನೆಗಳಲ್ಲಿ ಇಂತಹ ಎಣಿಕೆಯೇ ಮೊದಲಾಯಿತು. ಮಾವೋ ಅಸಾದಾ ಎಂಬಾಕೆ ಅವರಾರ ಮನೆಯ ಮಗಳೂ ಅಲ್ಲ. ಆದರೂ ಹನ್ನೆರಡರ ಹುಡುಗಿಯಾಗಿದ್ದಂದಿನಿಂದ ಅವಳನ್ನು ನೋಡುತ್ತ ಬಂದ ಆ ಜನಕ್ಕೆ ಅವಳು ಮನೆಯವಳಂತೆಯೇ ಆಗಿದ್ದಳು. ಮುಂಬರುವ ಋತುವೇ ತನ್ನ ಕಡೆಯ ಸ್ಪರ್ಧಾಕಾಲವೆಂದೂ, 2014ರ ಫೆಬ್ರವರಿಯಲ್ಲಿ ರಷ್ಯಾದ ಸೋಚಿ ಪಟ್ಟಣದಲ್ಲಿ ನಡೆಯುವ ಒಲಿಂಪಿಕ್ ಕೂಟವೇ ತನ್ನ ಸಾಧನೆಯ ಕೊನೆಯ ಮೆಟ್ಟಿಲೆಂದೂ ಅವಳು ಆಗ ತಿಳಿಸಿದ್ದಳು.

ಮಂಜುಗಡ್ಡೆಯೆಂದರೆ ಪಾನಕದ ಲೋಟದಲ್ಲಿ ತೇಲುವ ತುಂಡನ್ನಷ್ಟೇ ನೆನೆಯುವ ನಮ್ಮ ವಾಚಕರಿಗೆ ಈ ಕಲೆಯನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯ. ಫಿಗರ್ ಸ್ಕೇಟಿಂಗ್ ಎಂಬುದು ಅರ್ಧ ನೃತ್ಯ, ಅರ್ಧ ವ್ಯಾಯಾಮ. ಪಾದರಕ್ಷೆಯ ಅಡಿಗೆ ಉಕ್ಕಿನ ಅಲಗನ್ನು ಬಿಗಿದು, ಸಂಗೀತಕ್ಕೆ ಸರಿಯಾಗಿ ಮಂಜುಗಡ್ಡೆಯ ಮೇಲೆ ಜಾರುತ್ತ, ನಡುನಡುವೆ ಗಾಳಿಗೆ ನೆಗೆದು ಬುಗುರಿಯಂತೆ ಸುತ್ತಿ, ಒಂದೇ ಕಾಲಿನ ಅಲಗಿನ ಮೇಲೆ ಇಳಿಯಬೇಕು. ಸ್ಪರ್ಧೆ ಎರಡು ದಿನ: ಮೊದಲ ದಿನ ಕಿರಿಯ ಪ್ರದರ್ಶನ, ಮರುದಿನ ಹಿರಿಯದು. ಎರಡರ ಅಂಕಗಳನ್ನೂ ಕೂಡಿಸಿ ತೀರ್ಪು. ನೆಗೆತಗಳಲ್ಲಿ ಆಕ್ಸೆಲ್ ಎಂಬುದೊಂದುಂಟು. 1882ರಲ್ಲಿ ವಿಯೆನ್ನಾ ನಗರದಲ್ಲಿ ಅದನ್ನು ಮಾಡಿತೋರಿಸಿದ ನಾರ್ವೆಯ ಆಕ್ಸೆಲ್ ಪಾಲ್ಸೆನ್ನನ ಹೆಸರೇ ಅದಕ್ಕೆ ನಿಂತಿತು. ಉಳಿದ ನೆಗೆತಗಳಿಗೆ ಬೆನ್ನು ಮುಂದಾಗಿ ಹೊರಡುವರು. ಇದೊಂದಕ್ಕೆ ಮಾತ್ರ ಮುಖ ಮುಂದಾಗಿ. ಇಳಿಯುವುದಾದರೋ ಎಲ್ಲದರಲ್ಲಿಯೂ ಬೆನ್ನು ಮುಂದಾಗಿಯೇ. ಆದಕಾರಣ ಮೂರು ಸುತ್ತಿನ ಆಕ್ಸೆಲ್ ಎಂದರೆ ನಿಜವಾಗಿ ಮೂರೂವರೆ ಸುತ್ತು, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ. ಹೆಂಗಸರಲ್ಲಿ ಅದನ್ನು ಸ್ಪರ್ಧೆಯಲ್ಲಿ ಮೊದಲು ಸಾಧಿಸಿದವಳು, 1988ರಲ್ಲಿ, ನಗೋಯಾ ನಗರದ ಮಿದೋರಿ ಇತೋ. ಮಾವೋ ಹುಟ್ಟಿದ್ದೂ ಅದೇ ನಗೋಯಾದಲ್ಲಿ, 1990ರ ಸೆಪ್ಟೆಂಬರ್ 25ರಂದು. ಇಬ್ಬರಿಗೂ ಪಾಠ ಹೇಳಿದ ಗುರು ಒಬ್ಬರೇ, ಮಚಿಕೋ ಯಮಾದಾ ಅವರು.

ಹಾಗಾದರೆ ಇಪ್ಪತ್ತಮೂರು ತುಂಬಿದ ಹೆಣ್ಣುಮಗಳನ್ನು ಹಳಬಳೆನ್ನುವುದು ಹೇಗೆ ಎಂದು ಯಾರಾದರೂ ಕೇಳಿಯಾರು. ಈ ಆಟದ ಲೆಕ್ಕವೇ ಬೇರೆ. ಸೋಚಿಯಲ್ಲಿ ಚಿನ್ನ ಗೆದ್ದ ಅದೆಲಿನಾ ಸೋತ್ನಿಕೋವಾಳಿಗೆ ಹದಿನೇಳು. ಅವಳ ಜೊತೆಯ ಯೂಲಿಯಾ ಲಿಪ್ನಿತ್ಸ್ಕಾಯಾಳಿಗೆ ಹದಿನೈದು. ಹದಿನೈದರಲ್ಲಿಯೇ ಹಿರಿಯರ ಕಣಕ್ಕಿಳಿದ ಮಾವೋ ಆ ಹೊತ್ತಿಗೆ ಎಂಟು ವರ್ಷಗಳ ಪೆಟ್ಟನ್ನು ಮೊಣಕಾಲಿನಲ್ಲಿಯೂ ಸೊಂಟದಲ್ಲಿಯೂ ಹೊತ್ತಿದ್ದಳು.

ಅಭಿಮಾನಿಗಳ ಆಸೆಯ ಹಿಂದೆ ಒಂದು ಹಳೆಯ ಬಾಕಿಯ ಲೆಕ್ಕವಿತ್ತು. 2005ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಜಗತ್ತಿನ ಮೇಲುಮಟ್ಟದವರನ್ನೆಲ್ಲ ಸೋಲಿಸಿದ ಆ ಹುಡುಗಿಗೆ ಎರಡು ತಿಂಗಳ ತರುವಾಯದ ತೂರಿನ್ ಒಲಿಂಪಿಕ್ಕಿಗೆ ಹೋಗಲು ಅಪ್ಪಣೆ ಸಿಕ್ಕಲಿಲ್ಲ. ನಿಯಮದ ವಯಸ್ಸಿಗೆ 87 ದಿನ ಸಾಲದಾಗಿತ್ತು. 2010ರಲ್ಲಿ ವ್ಯಾಂಕೂವರಿಗೆ ಹೋದಳು. ಒಂದೇ ಕೂಟದಲ್ಲಿ ಮೂರು ಬಾರಿ ಆ ಮೂರೂವರೆ ಸುತ್ತನ್ನು ಸುತ್ತಿದಳು; ಹಿಂದೆ ಯಾವ ಹೆಂಗಸೂ ಮಾಡದ ಕೆಲಸ. ಆದರೂ ಕೊರಿಯಾದ ಕಿಮ್ ಯುನಾ ಆ ದಿನ ತಪ್ಪೆಂಬುದನ್ನೇ ಅರಿಯದವಳಂತೆ ಜಾರಿದಳಾಗಿ ಮಾವೋಳಿಗೆ ಬೆಳ್ಳಿಯೇ ಉಳಿಯಿತು. ಆಮೇಲೆ ಅವಳು ಮಾಡಿದ್ದು ಸಾಮಾನ್ಯರು ಮಾಡುವ ಕೆಲಸವಲ್ಲ. ನೊಬುವೊ ಸಾತೋ ಎಂಬ ಹಿರಿಯ ಗುರುಗಳಲ್ಲಿಗೆ ಹೋಗಿ, ಬಾಲಪಾಠದಿಂದ ಎಂಬಂತೆ, ತನ್ನ ನೆಗೆತಗಳನ್ನೆಲ್ಲ ಕಳಚಿ ಮತ್ತೆ ಕಟ್ಟತೊಡಗಿದಳು. ಗೆಲ್ಲುತ್ತಿದ್ದವಳು ಬೀಳತೊಡಗಿದಳು. ಅದರ ಮಧ್ಯೆ, 2011ರ ಡಿಸೆಂಬರಿನಲ್ಲಿ, ಕೆನಡಾದ ಕೆಬೆಕ್ ನಗರಕ್ಕೆ ಸ್ಪರ್ಧೆಗೆ ಹೋಗಿದ್ದಾಗ ತಾಯಿಗೆ ಪ್ರಾಣಾಂತಿಕವೆಂಬ ಸುದ್ದಿ ಬಂತು. ಸ್ಪರ್ಧೆಯನ್ನು ಬಿಟ್ಟು ಹೊರಟಳು. ಅವಳು ಊರು ಸೇರುವುದರೊಳಗೆ ತಾಯಿ ತೀರಿಹೋಗಿದ್ದಳು. ಅದೇ ತಿಂಗಳಿನ ಕೊನೆಯಲ್ಲಿ ರಾಷ್ಟ್ರದ ಸ್ಪರ್ಧೆ. ಬರುವುದಿಲ್ಲವೆಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬಂದಳು, ಗೆದ್ದಳು.

ಆದಕಾರಣ ಕಡೆಯ ಋತುವಿನಲ್ಲಿ ಜನರು ಬಯಸಿದ್ದು ಬರಿಯ ಪದಕವನ್ನಲ್ಲ. ಲೋಕವು ಅವಳಿಗೆ ಏನನ್ನೋ ಸಲ್ಲಿಸಬೇಕಾಗಿದೆ, ಅದನ್ನು ಈಗಲಾದರೂ ಸಲ್ಲಿಸಲಿ ಎಂಬ ಹಂಬಲ ಅದು. ಋತುವಿನ ಮೊದಲ ಅರ್ಧವಂತೂ ಆ ಹಂಬಲಕ್ಕೆ ತುಪ್ಪವೆರೆಯಿತು. ಅಮೆರಿಕದಲ್ಲಿ ಗೆಲುವು, ಟೋಕಿಯೋದಲ್ಲಿ ಗೆಲುವು, ಡಿಸೆಂಬರಿನಲ್ಲಿ ಫುಕುವೋಕಾದ ಗ್ರಾಂಪ್ರೀ ಅಂತಿಮ ಕೂಟದಲ್ಲಿ ನಾಲ್ಕನೆಯ ಬಾರಿ ಗೆಲುವು. ಆಕ್ಸೆಲ್ ಮಾತ್ರ ಒಮ್ಮೆ ನಿಲ್ಲುವುದು, ಒಮ್ಮೆ ಜಾರುವುದು. ಅಭಿಮಾನಿಗಳು ಅದೊಂದಕ್ಕಾಗಿ ಉಸಿರು ಹಿಡಿದಿರುತ್ತಿದ್ದರು.

ಫೆಬ್ರವರಿ 19. ಸೋಚಿಯಲ್ಲಿ ಇರುಳು, ಜಪಾನಿನಲ್ಲಿ ನಡುರಾತ್ರಿ ಕಳೆದಿತ್ತು. ಶೋಪ್ಯಾನನ ನಿಶಾಗೀತಕ್ಕೆ ಕಿರಿಯ ಪ್ರದರ್ಶನ. ಮೊದಲನೆಯ ಆಕ್ಸೆಲಿನಲ್ಲಿಯೇ ಬಿದ್ದಳು. ಬಳಿಕ ಒಂದರ ಹಿಂದೆ ಒಂದು ಕೆಟ್ಟಿತು. ಎರಡು ನೆಗೆತಗಳನ್ನು ಜೋಡಿಸಬೇಕಾದಲ್ಲಿ ಜೋಡಿಯೇ ಆಗಲಿಲ್ಲ. ಅಂಕ 55.51, ಹದಿನಾರನೆಯ ಸ್ಥಾನ. ಎಂಟು ವರ್ಷಗಳ ಬಾಕಿ ಮೂರು ನಿಮಿಷದೊಳಗೆ ಮುಳುಗಿಹೋಯಿತು. ಆ ಮುಖವನ್ನು ಚಿತ್ರದಲ್ಲಿ ನೋಡಿದವರು ಮರೆಯಲಾರರು. ಅಲ್ಲಿ ದುಃಖಕ್ಕಿಂತ ಹೆಚ್ಚಾಗಿ ದಿಗ್ಭ್ರಮೆಯಿತ್ತು. ತಾಯ್ನಾಡಿನ ಮಾಜಿ ಪ್ರಧಾನಿಯೊಬ್ಬರು, ಆ ಹುಡುಗಿ ಮುಖ್ಯವಾದ ಸಮಯದಲ್ಲಿ ಬಿದ್ದೇ ಬೀಳುತ್ತಾಳೆಂಬ ಅರ್ಥದ ಮಾತನ್ನು ಸಭೆಯೊಂದರಲ್ಲಿ ಆಡಿದರು. ದೊಡ್ಡವರ ಬಾಯಿಗೆ ಬೀಗವಿಲ್ಲ. ಜನರು ಮಾತ್ರ ಆ ಮಾತಿಗೆ ಕೆರಳಿದರು. ನಾನಾ ದೇಶಗಳ ಆಟಗಾರರೂ ಅಭಿಮಾನಿಗಳೂ ಅವಳಿಗೆ ಧೈರ್ಯದ ಸಂದೇಶಗಳನ್ನು ಬರೆದು ಕಳುಹಿಸಿದರು.

ಇಲ್ಲಿ ಆಸೆಯ ರೂಪವೇ ಬದಲಾದುದನ್ನು ಗಮನಿಸಬೇಕು. ಹದಿನಾರನೆಯವಳಿಗೆ ಪದಕದ ಮಾತೇ ಇಲ್ಲ. ಕೇಳಲು ಏನೂ ಉಳಿಯದಿದ್ದಾಗ ಅಭಿಮಾನಿ ಕೇಳುವುದಾದರೂ ಏನನ್ನು? ಒಮ್ಮೆ ಚೆನ್ನಾಗಿ ಮಾಡಿ ಮುಗಿಸಲಿ. ನಮಗಾಗಿ ಅಲ್ಲ, ಇನ್ನು ಮುಂದಿನ ರಾತ್ರಿಗಳಲ್ಲಿ ಅವಳಿಗೆ ನಿದ್ದೆ ಬರುವಂತಾಗಲಿ. ಈ ಋತುವಿನಲ್ಲೆಲ್ಲ ಅತ್ಯಂತ ಶುದ್ಧವಾದ ಆಸೆ ಅದೊಂದೇ ರಾತ್ರಿಯದೆಂದು ನಮಗೆ ತೋರುತ್ತದೆ.

ಮರುದಿನ ಹಿಂದುಳಿದವರ ಗುಂಪಿನಲ್ಲಿ, ದೊಡ್ಡ ಸ್ಪರ್ಧಿಗಳು ಇನ್ನೂ ಬರುವ ಮುನ್ನವೇ, ಅವಳ ಸರದಿ ಬಂತು. ರಾಖ್ಮನಿನೋವನ ಎರಡನೆಯ ಪಿಯಾನೋ ಕೃತಿ ಗಂಟೆ ಬಾರಿಸಿದಂತೆ ಮೊದಲಾಯಿತು. ಮುಖ ಮುಂದಾಗಿ ಹೊರಟು ನೆಗೆದಳು, ಆಕ್ಸೆಲ್ ನಿಂತಿತು. ಆಮೇಲೆ ಒಂದೊಂದಾಗಿ ಆರು ಬಗೆಯ ಮೂರು ಸುತ್ತಿನ ನೆಗೆತಗಳನ್ನೂ ಆಡಿದಳು, ಎಲ್ಲ ಸೇರಿ ಎಂಟು, ಒಮ್ಮೆಯೂ ಬೀಳಲಿಲ್ಲ. ಸಂಗೀತ ನಿಂತಾಗ ಮುಖವನ್ನು ಮೇಲಕ್ಕೆತ್ತಿದಳು, ಅಳು ಉಕ್ಕಿಬಂತು. ಅದನ್ನು ನುಂಗಿ, ನಕ್ಕು, ಸಭೆಗೆ ಬಾಗಿದಳು. ಅಂಕ 142.71, ಅವಳ ಜೀವಮಾನದಲ್ಲಿ ಅಲ್ಲಿಯವರೆಗಿನ ಅತ್ಯಧಿಕ. ಆ ದಿನದ ಪ್ರದರ್ಶನದ ಮಟ್ಟಿಗೆ ಮೂರನೆಯವಳು, ಎಲ್ಲ ಕೂಡಿ ಆರನೆಯವಳು. ಆರನೆಯ ಸ್ಥಾನಕ್ಕೆ ಪದಕವಿಲ್ಲ. ಆದರೆ ಆ ಕೂಟದಲ್ಲಿ ಗೆದ್ದವರ ಹೆಸರು ಮರೆತವರೂ ಈ ನಾಲ್ಕು ನಿಮಿಷಗಳನ್ನು ಮರೆತಿಲ್ಲ.

ಅಭಿಮಾನಿಗಳ ಭಾಗ್ಯ ಅಲ್ಲಿಗೂ ಮುಗಿಯಲಿಲ್ಲ. ಮಾರ್ಚ್ ತಿಂಗಳಿನಲ್ಲಿ ಜಪಾನಿನ ಸೈತಾಮಾದಲ್ಲಿಯೇ ವಿಶ್ವ ಸ್ಪರ್ಧೆ. ಸೋಚಿಯಲ್ಲಿ ಕೈಕೊಟ್ಟ ಅದೇ ಕಿರಿಯ ಪ್ರದರ್ಶನಕ್ಕೆ ಇಲ್ಲಿ 78.66 ಅಂಕ, ಅಂದಿಗೆ ಜಗತ್ತಿನಲ್ಲಿಯೇ ಹಿರಿದಾದ ದಾಖಲೆ. ಒಟ್ಟು 216.69, ಮೂರನೆಯ ಬಾರಿ ವಿಶ್ವವಿಜೇತೆ. ತನ್ನ ನೆಲ, ತನ್ನ ಜನ, ಕೈಗೂಡಿದ ಆಕ್ಸೆಲ್. ಕಥೆಗಾರನಾಗಿದ್ದರೆ ಇಲ್ಲಿಯೇ ಶುಭಂ ಎಂದು ಬರೆಯುತ್ತಿದ್ದ. ಬಹುಮಂದಿ ಅಭಿಮಾನಿಗಳೂ ಮನಸ್ಸಿನಲ್ಲಿ ಹಾಗೆಯೇ ಬರೆದುಕೊಂಡರು.

ಅವಳು ಬರೆಯಲಿಲ್ಲ. ಮುಂದೆಯೂ ಆಡುವಳೇ ಎಂದು ಸೋಚಿಯಿಂದ ಮರಳಿದಾಗಲೇ ಪತ್ರಕರ್ತರು ಕೇಳಿದ್ದರು. ಅರ್ಧ ಅರ್ಧ ಎಂದು ಅವಳು ಉತ್ತರವಿತ್ತಿದ್ದಳು. ಒಂದು ವರ್ಷ ಬಿಡುವು ಪಡೆದು 2015ರಲ್ಲಿ ಕಣಕ್ಕೆ ಹಿಂದಿರುಗಿದಳು. ಚೀನಾದಲ್ಲಿ ಒಂದು ಗೆಲುವು ಬಂತು, ಆಮೇಲೆ ಇಳಿಜಾರು. 2016ರ ವಿಶ್ವ ಸ್ಪರ್ಧೆಯಲ್ಲಿ ಏಳನೆಯ ಸ್ಥಾನ, ಮುಂದಿನ ಋತುವಿನಲ್ಲಿ ಪ್ಯಾರಿಸಿನಲ್ಲಿ ಒಂಬತ್ತನೆಯದು. ಎಡ ಮೊಣಕಾಲು ಮಾತು ಕೇಳದಾಗಿತ್ತು.

ಸೈತಾಮಾದಲ್ಲಿಯೇ ನಿಲ್ಲಿಸಬಾರದಾಗಿತ್ತೆ ಎಂದು ಮರುಗಿದವರು ಹಲವರು. ಪ್ರೀತಿಯಿಂದಲೇ ಮರುಗಿದರು, ಸಂದೇಹವಿಲ್ಲ. ಆದರೆ ಆ ಪ್ರೀತಿಯೊಳಗೆ ನಮ್ಮದೊಂದು ಸ್ವಾರ್ಥವೂ ಅಡಗಿದೆ ಎಂದರೆ ವಾಚಕರು ಕೋಪಿಸಬಾರದು. ನಮ್ಮ ನೆನಪಿನ ಗೋಡೆಗೆ ಒಂದು ಒಳ್ಳೆಯ ಚಿತ್ರ ಸಿಕ್ಕಿತು. ಇನ್ನು ಚಿತ್ರದೊಳಗಿನವರು ಅಲುಗಾಡಬಾರದೆಂಬುದು ನಮ್ಮ ಬಯಕೆ. ಅವಳಿಗೋ ನೋಡುವುದಕ್ಕೆ ಚಿತ್ರವಿರಲಿಲ್ಲ, ಬೆಳಗಾಗೆದ್ದು ಹೋಗಬೇಕಾದ ಮಂಜುಗಡ್ಡೆಯಿತ್ತು. ಐದರ ಹುಡುಗಿಯಾಗಿದ್ದಾಗಿನಿಂದ ಮಾಡಿದ ಕೆಲಸವನ್ನು, ಇನ್ನೂ ಆಗುತ್ತದೆಯೋ ಇಲ್ಲವೋ ಎಂದು ತನ್ನ ಕಾಲಿನಿಂದಲೇ ಕೇಳಿ ತಿಳಿಯುವ ಹಕ್ಕು ಅವಳದು. ಚೆನ್ನಾಗಿ ಹಾಡುತ್ತಿದ್ದ ಮುದುಕಿ ಕಂಠ ಒಡೆದ ಮೇಲೂ ದೇವರ ಮುಂದೆ ಹಾಡಿದರೆ ಬೇಡವೆನ್ನುವವರು ಯಾರು? ಕೇಳಲಾರದವರು ಎದ್ದುಹೋಗಬಹುದು. ವಿಶೇಷವೆಂದರೆ ಅವಳ ಅಭಿಮಾನಿಗಳಲ್ಲಿ ಬಹಳ ಮಂದಿ ಎದ್ದುಹೋಗಲಿಲ್ಲ.

2016ರ ಡಿಸೆಂಬರಿನಲ್ಲಿ ಒಸಾಕಾದ ರಾಷ್ಟ್ರೀಯ ಸ್ಪರ್ಧೆ. ಅದು ಕಡೆಯದೆಂದು ಅಂದು ಯಾರೂ ಸಾರಿರಲಿಲ್ಲ. ಎಣಿಸುವವರಿಗೆ ಎಣಿಕೆಯೇ ಸಿಕ್ಕಲಿಲ್ಲ. ಹಿರಿಯ ಪ್ರದರ್ಶನದ ಮೊದಲಲ್ಲಿ ಅವಳು ಮತ್ತೆ ಆ ಮೂರೂವರೆ ಸುತ್ತಿಗೇ ಹೊರಟಳು. ಸುಲಭವಾದುದನ್ನು ಆರಿಸಿಕೊಳ್ಳಬಹುದಾಗಿತ್ತು. ಆಕ್ಸೆಲ್ ಕೈಗೂಡಲಿಲ್ಲ, ಹನ್ನೆರಡನೆಯ ಸ್ಥಾನ ದೊರೆಯಿತು. 2017ರ ಏಪ್ರಿಲ್ 10ರಂದು ಸ್ಪರ್ಧೆಗಳಿಂದ ನಿವೃತ್ತಳಾಗುವುದಾಗಿ ಬರೆದು ತಿಳಿಸಿದಳು. ಎರಡು ದಿನಗಳ ಬಳಿಕ ಪತ್ರಕರ್ತರನ್ನು ಕರೆದು, ಕೇಳಿದ್ದಕ್ಕೆಲ್ಲ ನಗುತ್ತಲೇ ಉತ್ತರಿಸಿದಳು. ಕೊನೆಯಲ್ಲಿ ಅಭಿಮಾನಿಗಳಿಗೆ ವಂದನೆ ಹೇಳುವಾಗ ಕಂಠ ಕಟ್ಟಿತು. ಸಭೆಗೆ ಬೆನ್ನು ತಿರುಗಿಸಿ ನಿಂತು ಕಣ್ಣೊರೆಸಿಕೊಂಡಳು. ಮತ್ತೆ ಈ ಕಡೆ ತಿರುಗಿದಾಗ ನಗುತ್ತಿದ್ದಳು.