ದಡದ ಹುಲ್ಲಿನಿಂದ ಮೀನಿನ ಊಟ
ಅಮೆರಿಕದ ಪೆನ್ಸಿಲ್ವೇನಿಯಾದ ಲೆಟಾರ್ಟ್ ತೊರೆಯಲ್ಲಿ ನಡುಬೇಸಿಗೆಗೆ ನೀರಹುಳುಗಳು ಕಡಿಮೆ. ಆದರೂ ಟ್ರೌಟ್ ಮೀನುಗಳು ಮೇಲೆದ್ದು ಏನನ್ನೋ ಹೀರುತ್ತಿರುತ್ತವೆ. ಆ ಗುಟ್ಟನ್ನು ಕಾದು ಕಂಡವರು ಗಾಳಗಾರರಾದ ವಿನ್ಸೆಂಟ್ ಮರಿನಾರೊ ಮತ್ತು ಚಾರ್ಲ್ಸ್ ಫಾಕ್ಸ್: ದಡದಿಂದ ಜಾರಿಬಿದ್ದ ಇರುವೆ, ದುಂಬಿ, ಮಿಡತೆ, ಜಿಗಿಹುಳು. 1950ರಲ್ಲಿ ಬಂದ ಮರಿನಾರೊ ಅವರ ಪುಸ್ತಕ ಗಾಳಗಾರರ ಕಣ್ಣನ್ನು ನೀರಿನಿಂದ ಹುಲ್ಲಿನತ್ತ ತಿರುಗಿಸಿತು.

ಜಿಗಿಹುಳುವನ್ನು ಹೋಲುವ ಅವರ ಪುಟ್ಟ ‘ಜಾಸಿಡ್’ ಗಾಳಕ್ಕೆ ಬೆನ್ನಾದದ್ದು ನಮ್ಮ ಪಶ್ಚಿಮ ಘಟ್ಟಗಳಲ್ಲೂ ಕೂಗುವ ಬೂದು ಕಾಡುಕೋಳಿಯ ಕತ್ತಿನ ಗರಿ. ಆ ಗರಿಯ ರಫ್ತಿಗೆ ಭಾರತ ತಡೆ ಹಾಕಿದ್ದು ಸರಿಯಾದ ಕೆಲಸ. ಮಿಡತೆಯ ಗಾಳಕ್ಕಂತೂ ಈಗ ಫೋಮ್ ತುಂಡೇ ಸಾಕು.

ಆದರೆ ದಡವೇ ಬೋಳಾದರೆ? ಜಪಾನಿನ ಹೊಕ್ಕೈಡೊದಲ್ಲಿ ಶಿಗೆರು ನಕಾನೊ ಮತ್ತು ಮಸಾಶಿ ಮುರಕಾಮಿ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾಡಿನ ತೊರೆಯೊಂದರ ಮೀನುಗಳಿಗೆ ವರ್ಷದ ಆಹಾರಶಕ್ತಿಯ ಶೇ. 44ರಷ್ಟು ನೆಲದ ಹುಳುಗಳಿಂದಲೇ ಸಿಗುತ್ತಿತ್ತು. ಹಾಗಿರುವಾಗ ತೊರೆಯಂಚಿನ ಪೊದೆ ಸವರಿ ‘ಚೊಕ್ಕ’ ಮಾಡುವುದು ಮೀನಿನ ತಟ್ಟೆಗೇ ಕೈ ಹಾಕಿದಂತೆ. ನೆರಳೂ ಹೋಗುತ್ತದೆ, ನೀರು ಕಾಯುತ್ತದೆ.

ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಿಡಿದು ಬಿಟ್ಟ ಟ್ರೌಟ್ ಕೂಡ ಸಾಯಬಹುದು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ನದಿ ಬಿಸಿಯೇರಿದಾಗ ಮಧ್ಯಾಹ್ನ 2ರಿಂದ ನಡುರಾತ್ರಿವರೆಗೆ ಗಾಳ ಹಾಕದಂತೆ ನಿರ್ಬಂಧ ಹೇರುತ್ತಾರೆ. ಟ್ರೌಟ್ ಇರುವ ಬೇರೆ ಕಡೆಗಳಲ್ಲೂ ಬೇಸಿಗೆಗೆ ಇಂಥ ನಿಯಮ ಬರಬೇಕು.